ಇಂಜಿನ್ನಿಗಿಂತ ಮೊದಲು ಉಸಿರು

ಕತೆ, ಕವನಗಳ ನಡುವೆ ಗ್ರೀಸು ವಾಸನೆಯ ಲೇಖನವೇ ಎಂದು ಮೂಗು ಮುರಿಯಬೇಡಿ, ಮಿತ್ರರೇ. ಮೆಕ್ಯಾನಿಕಲ್ ಓದುವವನಿಂದ ಬೇರೇನು ಬಂದೀತು?

ಅಮೆರಿಕದ ಹಳ್ಳಿಗಾಡಿನಲ್ಲಿ ಮಡ್ ಡ್ರ್ಯಾಗ್ ಎಂಬ ಪಂದ್ಯವುಂಟು. ಕೆಸರು ತುಂಬಿದ ಎರಡು ಸಾಲು, ಉದ್ದ ಕೆಲವು ನೂರು ಅಡಿ. ಎರಡು ಗಾಡಿ ಒಟ್ಟಿಗೆ ಹೊರಡುತ್ತವೆ, ಮೊದಲು ದಾಟಿದವನು ಗೆದ್ದ. ಅದರಲ್ಲಿ ಸ್ಟಾಕ್ ವರ್ಗವೆಂದರೆ ಕಾರ್ಖಾನೆಯಿಂದ ಬಂದ ರೂಪದಲ್ಲೇ, ಹೆಚ್ಚು ಬದಲಾಗದೆ ಇರುವ ಪಿಕಪ್ಪುಗಳು. ನಮ್ಮ ಮಲೆನಾಡು, ಕೊಡಗಿನ ಕಡೆಯೂ ಮಳೆಗಾಲದ ಗದ್ದೆಯಲ್ಲಿ ಜೀಪು ಪಂದ್ಯಗಳು ನಡೆಯುತ್ತವಷ್ಟೆ. ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನ ಮಗ ಅಂಥದ್ದೊಂದಕ್ಕೆ ತನ್ನ ಹಳೇ ಫೋರ್ ವ್ಹೀಲ್ ಪಿಕಪ್ ಇಳಿಸಿದ. ಶುಂಠಿ, ಬಾಳೆಗೊನೆ ಸಾಗಿಸಿ ಕಂತು ಕಟ್ಟುವ ಗಾಡಿ ಅದು.

"ಪವರ್ ಬೇಕು ಕಣೋ" ಅಂದ. ಪೇಟೆಯ ಗ್ಯಾರೇಜಿನಲ್ಲಿ ಪಂಪು ತಿರುಗಿಸಿ ಡೀಸೆಲ್ ಹೆಚ್ಚಿಸಿಕೊಟ್ಟರು. ಮೂವತ್ತು ಅಡಿ ಹೋಗಿರಬೇಕು, ಬಾನೆಟ್ಟಿನ ಮೇಲೆ ಕೆಸರುನೀರು ಹಾರಿತು, ಟಕ್ ಅಂತ ನಿಂತಿತು. ಗಾಳಿ ಎಳೆಯುವ ಬಾಯಿ ಹೆಡ್‌ಲೈಟಿನ ಹಿಂದೆಯೇ ಇತ್ತು. ನೀರು ಸೀದಾ ಸಿಲಿಂಡರಿಗೆ. ಅದುಮಿದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗವೇ ಇಷ್ಟೇ ಇಷ್ಟು. ಕನೆಕ್ಟಿಂಗ್ ರಾಡ್ ಬಗ್ಗಿಹೋಯಿತು. ಎರಡು ತಿಂಗಳು ದುಡಿಮೆಯಿಲ್ಲ, ಕಂತು ಮಾತ್ರ ತಪ್ಪದೆ ಬಂತು. ದೊಡ್ಡಮ್ಮ ಸರ ಅಡವಿಟ್ಟದ್ದು ನನಗೆ ಆಮೇಲೆ ತಿಳಿಯಿತು.

ಅದಕ್ಕೇ ಹೇಳುವುದು, ಸ್ಟಾಕ್ ಗಾಡಿಯ ತಯಾರಿ ಎಂದರೆ ಪವರ್ ಏರಿಸುವುದಲ್ಲ, ಉಸಿರು ಕಾಯುವುದು. ಗಾಳಿಯ ಬಾಯಿಯನ್ನು ಪೈಪು ಹಾಕಿ ಮೇಲಕ್ಕೆತ್ತಬೇಕು. ಆಕ್ಸಲ್ಲಿಗೂ ಉಸಿರಾಡುವ ಸಣ್ಣ ತೂತುಂಟು. ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆ ಕೆಸರಿಗೆ ಬಿದ್ದೊಡನೆ ಒಳಗಿನ ಗಾಳಿ ಕುಗ್ಗಿ ನೀರು ಹೀರಿಕೊಳ್ಳುತ್ತದೆ, ಆಯಿಲು ಹಾಲು ಹೆಚ್ಚಾದ ಕಾಫಿಯಾಗುತ್ತದೆ. ಆ ತೂತಿಗೊಂದು ರಬ್ಬರ್ ಟ್ಯೂಬು ಸಿಕ್ಕಿಸಿ ಎತ್ತರಕ್ಕೆ ಕಟ್ಟಿದರಾಯಿತು. ಖರ್ಚು ಹಾಸ್ಟೆಲಿನ ಒಂದು ದಿನದ ಊಟದಷ್ಟೂ ಇಲ್ಲ.

ಆಮೇಲೆ ಟೈರು. ಹಲ್ಲುಗಳ ನಡುವೆ ಅಗಲವಾದ ಸಂದಿರಬೇಕು. ಇಲ್ಲದಿದ್ದರೆ ಮಣ್ಣು ತುಂಬಿ ಲಟ್ಟಣಿಗೆಯ ಹಾಗೆ ನುಣ್ಣಗಾಗುತ್ತದೆ. ಗಾಳಿ ಸ್ವಲ್ಪ ಇಳಿಸಿ, ತೀರಾ ಇಳಿಸಿದರೆ ರಿಮ್ಮಿನಿಂದ ಕಳಚೀತು. ಫೋರ್ ವ್ಹೀಲ್ ಅಂತ ಬೀಗುವುದೂ ಬೇಡ, ಮಾಮೂಲಿ ಡಿಫರೆನ್ಷಿಯಲ್ಲಿನಲ್ಲಿ ಹಿಡಿತ ತಪ್ಪಿದ ಚಕ್ರವೇ ಸುಮ್ಮನೆ ತಿರುಗುತ್ತಿರುತ್ತದೆ. ಎಳೆಯುವ ಕೊಕ್ಕೆಯನ್ನು ಚಾಸಿಗೇ ಬೋಲ್ಟು ಮಾಡಬೇಕು. ಬಂಪರಿಗೆ ಹಗ್ಗ ಕಟ್ಟಿದರೆ ಟ್ರ್ಯಾಕ್ಟರಿನ ಜೊತೆ ಬಂಪರೊಂದೇ ಹೋದೀತು!

"ಇಷ್ಟಕ್ಕೇ ಗೆಲ್ಲೋಕಾಗುತ್ತೇನೋ?" ಎಂದು ರೂಮಿನವರ ತಕರಾರು. ಗೆಲ್ಲದೆಯೂ ಇರಬಹುದು. ಪವರ್ ಏರಿಸಿ ಗೆದ್ದವರಿದ್ದಾರೆ, ಒಪ್ಪಿದೆ. ಆದರೆ ಅವರ ಗಾಡಿ ಟ್ರೈಲರಿನ ಮೇಲೆ ಬಂದು ಟ್ರೈಲರಿನ ಮೇಲೇ ಹೋಗುತ್ತದೆ. ಅಣ್ಣನ ಗಾಡಿ ಸೋಮವಾರ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಲೇಬೇಕು.

ಈ ಮಳೆಗಾಲಕ್ಕೆ ಮತ್ತೆ ಇಳಿಸುತ್ತಾನಂತೆ. ರಜೆಗೆ ಹೋಗುವಾಗ ಪುಣೆಯಿಂದಲೇ ಟ್ಯೂಬು ಕೊಂಡೊಯ್ಯುತ್ತಿದ್ದೇನೆ. ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ.