ಮನೆಯ ಬೀಜ, ಮನೆಯ ಸಸಿ

ಶೀತದೇಶದ ಕೈತೋಟಗಾರನು ಕೊನೆಯ ಹಿಮ ಬೀಳುವ ದಿನವನ್ನು ಅಂದಾಜಿಸಿ, ಅದಕ್ಕೆ 6-8 ವಾರ ಮೊದಲೇ ಮನೆಯೊಳಗೆ ಬೀಜ ಬಿತ್ತುತ್ತಾನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಹಿಮದ ಭಯವಿಲ್ಲ. ಇಲ್ಲಿ ಕಾಯಬೇಕಾದುದು ಮಳೆಯನ್ನು. ಕೃತ್ತಿಕೆಯ ಆರಂಭದಲ್ಲಿ ಜಗಲಿಯ ನೆರಳಿನಲ್ಲಿ ಬದನೆ, ಮೆಣಸಿನ ಬೀಜ ಚೆಲ್ಲಿದರೆ, 30-40 ದಿನಗಳ ಸಸಿ ಮೃಗಶಿರೆಯ ಹದಕ್ಕೆ ಸಿದ್ಧ.

ಈ ಸರಳ ವಿದ್ಯೆ ಹಿತ್ತಿಲುಗಳಿಂದ ಮರೆಯಾಗುತ್ತಿದೆ. ಪ್ಲಾಸ್ಟಿಕ್ ತಟ್ಟೆಯ ಹೈಬ್ರಿಡ್ ಸಸಿಯನ್ನು ಕೊಳ್ಳುವುದೇ ಪ್ರಗತಿಯೆಂಬ ಭ್ರಮೆ ಬೇರೂರಿದೆ. ಹೈಬ್ರಿಡ್ ಗಿಡದ ಬೀಜ ಮರುವರ್ಷ ಅದೇ ಗುಣವನ್ನು ಉಳಿಸಿಕೊಳ್ಳದು. ಒಮ್ಮೆ ಕೊಂಡವನು ಪ್ರತಿವರ್ಷವೂ ಕೊಳ್ಳಬೇಕು. ಮಳೆ ಕೈಕೊಟ್ಟು ಸಸಿ ಒಣಗಿದರೆ ನಷ್ಟ ಮಾರಿದವನದಲ್ಲ, ಕೊಂಡವನದು. ಜಗಳೂರಿನಂತಹ ಬರದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಜವಾರಿ ಬೀಜ ಮನೆಯಲ್ಲಿದ್ದವರು ಹದಿನೈದು ದಿನ ಬಿಟ್ಟು ಮತ್ತೊಂದು ಸಸಿಮಡಿ ಹಾಕಬಲ್ಲರು.

ಹೈಬ್ರಿಡ್‌ನಿಂದ ಇಳುವರಿ ಹೆಚ್ಚೆಂಬ ವಾದವುಂಟು. ಮಾರುಕಟ್ಟೆಗೆ ಬೆಳೆಯುವವರಿಗೆ ಅದು ಒಪ್ಪಬಹುದು. ಮನೆಯ ಸಾರಿಗೆ ನಾಲ್ಕು ಗಿಡ ನೆಡುವವರಿಗೆ ಈ ಪರಾಧೀನತೆ ಏಕೆ?

2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ತನ್ನ ಬೆಳೆಯ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡಿಕೊಳ್ಳುವ ಹಕ್ಕನ್ನು ರೈತನಿಗೆ ನೀಡಿದೆ. ಬಳಸದ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಸಸಿಮಡಿಗೆ ಬಂಡವಾಳ ಬೇಡ. ತಳದಲ್ಲಿ ತೂತಿರುವ ಹಳೆಯ ಮಡಕೆ, ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಾಕು. ಮೊಳಕೆ ಕಂಡೊಡನೆ ಬೆಳಕು ಬೇಕು. ನಾಟಿಗೆ ವಾರದ ಮೊದಲು ನೀರು ಕಡಿಮೆ ಮಾಡಿ ಸಸಿಯನ್ನು ಬಿಸಿಲಿಗೆ ಒಗ್ಗಿಸಬೇಕು.

ಬೇಸಿಗೆ ರಜೆಯಲ್ಲಿ ಊರಿಗೆ ಬರುವ ವಿದ್ಯಾರ್ಥಿಗಳು ಅಜ್ಜಿಯರ ಬೂದಿ ಬೆರೆಸಿದ ಬೀಜದ ಗಂಟನ್ನು ಬಿಚ್ಚಿಸಲಿ. ಅದು ಖಾಲಿಯಾಗಿದ್ದರೆ ನೆರೆಮನೆಯ ಬಾಗಿಲು ತಟ್ಟಲಿ. ಮಳೆ ಬರುವ ಮೊದಲೇ ಮಡಿ ಸಿದ್ಧವಾಗಲಿ.