ನಾಲಿಗೆಯ ಬಲವನ್ನೂ ಅಳೆಯಲಿ



ಶೋಳಿಂಗನಲ್ಲೂರಿನ ಹೋಟೆಲು, ಕ್ಯಾಂಟೀನುಗಳಲ್ಲಿ ಊರವರ ನಾಲಿಗೆಗೆ ರುಚಿ ಒದಗಿಸಿ ಬದುಕುವವರು ನಾವು. ಆ ನಾಲಿಗೆಯ ಬಲವೆಷ್ಟು ಎಂದು ನಮ್ಮಲ್ಲಿ ಕೇಳುವವರಿಲ್ಲ. ಮುಪ್ಪಿನಲ್ಲಿ ಅದು ಪ್ರಾಣದ ಪ್ರಶ್ನೆ.

ತುತ್ತನ್ನು ಅಂಗುಳಕ್ಕೆ ಒತ್ತಿ ಗಂಟಲಿಗೆ ದೂಡುವುದು ನಾಲಿಗೆ. ತೋಳಿನಂತೆ ಅದೂ ಸ್ನಾಯುವೇ. ಅದನ್ನು ಅಳೆಯುವ ಉಪಕರಣವಿದೆ. ಗಾಳಿ ತುಂಬಿದ ಪುಟ್ಟ ಬುಗ್ಗೆಯನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರೆ ಒತ್ತಡ ಎಷ್ಟು ಕಿಲೋಪಾಸ್ಕಲ್ ಎಂದು ತೋರಿಸುತ್ತದೆ. ಜಪಾನಿನಲ್ಲಿ 30ಕ್ಕಿಂತ ಕಡಿಮೆಯಾದರೆ ಬಲ ಕುಂದಿದೆ ಎಂದು ಎಣಿಸುತ್ತಾರೆ. 2018ರಿಂದ ಬಾಯಿಯ ಶಕ್ತಿಗುಂದಿದವರ ತಪಾಸಣೆ ಅಲ್ಲಿನ ಆರೋಗ್ಯ ವಿಮೆಯೊಳಗೆ ಸೇರಿದೆ.

ಇದನ್ನು ಸಂಬಳದ ಲೆಕ್ಕದಲ್ಲಿ ನೋಡೋಣ. ಪ್ರಾಯದಲ್ಲಿ ಸಂಬಳ ಹೆಚ್ಚು, ಖರ್ಚು ಕಡಿಮೆ, ಕೈಯಲ್ಲಿ ಉಳಿತಾಯವಿದೆ. ನುಂಗಲು ಬೇಕಾದ ಬಲ ಮುಪ್ಪಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ನಾಲಿಗೆಯ ಪೂರ್ಣಬಲ ಮಾತ್ರ ಇಳಿಯುತ್ತದೆ. ಉಳಿತಾಯ ಕರಗಿದ್ದು ಎಂದಿನ ದಿನಗಳಲ್ಲಿ ತಿಳಿಯದು. ಜ್ವರವೋ ಲಕ್ವವೋ ಬಡಿದಾಗ ತಿಳಿಯುತ್ತದೆ. ಅನ್ನ ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆದರೆ ಜೀವಕ್ಕೇ ಅಪಾಯ.

ಆದುದರಿಂದ ನಿಧಾನವಾಗಿ ಉಣ್ಣುವ, ನೀರು ಕುಡಿದರೆ ಕೆಮ್ಮುವ ಹಿರಿಯರನ್ನು ಗದರುವುದು ಅನ್ಯಾಯ. ಹೋಟೆಲಿನ ಅವಸರ ಮನೆಯ ಎಲೆಗೆ ಬರಬಾರದು. ಅಂಥವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕುಂದಿದ ಬಲವನ್ನು ಏರಿಸಲೂ ಸಾಧ್ಯ. ಅಮೆರಿಕದ ಜೋಆನ್ ರಾಬಿನ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 70 ದಾಟಿದ 10 ಮಂದಿ 8 ವಾರ ನಾಲಿಗೆಯ ವ್ಯಾಯಾಮ ಮಾಡಿದರು. ಅವರ ಬಲ ಹೆಚ್ಚಿತು. ಸಣ್ಣ ಅಧ್ಯಯನವೇ ಸರಿ, ಆದರೂ ಭರವಸೆ ಕೊಡುವಂಥದು.

ಊರಿಗೆ ಮರಳಿದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೆಂದೇ ವಿಭಾಗವಿದೆ. ಇಲ್ಲಿ ಗಿಂಡಿಯಲ್ಲಿ ವೃದ್ಧರಿಗಾಗಿಯೇ ರಾಷ್ಟ್ರೀಯ ಕೇಂದ್ರವೊಂದು 2024ರಲ್ಲಿ ಆರಂಭವಾಗಿದೆ. ಇ.ಎಸ್.ಐ.ಯಲ್ಲಿ ಕನಿಷ್ಠ 5 ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡಹೆಂಡಿರಿಬ್ಬರಿಗೂ ಚಿಕಿತ್ಸೆ ಉಂಟು. ಹೋಟೆಲಿನವರಾಗಲಿ ಮಿಲ್ಲಿನವರಾಗಲಿ ಈ ಹಕ್ಕನ್ನು ಬಿಡಬಾರದು.

ನಮ್ಮ ಬೇಡಿಕೆ ದೊಡ್ಡದಲ್ಲ. ರಕ್ತದೊತ್ತಡ, ಸಕ್ಕರೆ ನೋಡುವ ಕಡೆ ಅರುವತ್ತು ದಾಟಿದ ಕಾರ್ಮಿಕನ ನಾಲಿಗೆಯ ಬಲವನ್ನೂ ನೋಡಲಿ. ಇದನ್ನು ಸಂಘದ ಬೇಡಿಕೆಪಟ್ಟಿಯಲ್ಲಿ ಸೇರಿಸಬೇಕು. ಜೀವಮಾನವೆಲ್ಲ ಪರರಿಗೆ ಉಣಬಡಿಸಿದವನು ಕೊನೆಗಾಲದಲ್ಲಿ ತನ್ನ ತುತ್ತನ್ನು ಹೆದರದೆ ನುಂಗುವಂತಾಗಬೇಕು.