ಉಪ್ಪು ತಿನ್ನದೆ ನೀರು ಕುಡಿದವನು



ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ನಮ್ಮ ಗಾದೆ. ಕಳೆದ ಬೇಸಿಗೆಯಲ್ಲಿ ನಾನು ಉಪ್ಪು ತಿನ್ನದೆ ನೀರು ಕುಡಿದೆ, ಐದು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಈ ಪುಟದಲ್ಲಿ ಸ್ವಂತ ದೇಹದ ವಿಷಯ ಬರೆಯುವ ರೂಢಿ ನನಗಿಲ್ಲ. ಆದರೆ ಬಸವ ಜಯಂತಿ ಹತ್ತಿರ ಬಂದಿದೆ. ವೈಶಾಖದ ಬಿಸಿಲಿನಲ್ಲಿ ಮೆರವಣಿಗೆ ನಡೆಯುವವರಲ್ಲಿ ನನ್ನ ವಯಸ್ಸಿನವರೇ ಹೆಚ್ಚು. (ಯುವಕರು ಎಲ್ಲಿ ಹೋದರು ಎಂಬುದು ಬೇರೆ ಸಂಪಾದಕೀಯದ ಮಾತು.)

ನನಗೆ ಹತ್ತು ವರ್ಷದಿಂದ ಬಿಪಿ ಇದೆ. ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು. ವೈದ್ಯರು ಉಪ್ಪು ಕಡಿಮೆ ಮಾಡಿ ಎಂದಿದ್ದರು. ಕಡಿಮೆ ಎಂಬುದನ್ನು ನಾನು ಪೂರ್ತಿ ಬಿಡು ಎಂದು ಓದಿಕೊಂಡೆ. ರೊಟ್ಟಿ, ಪಲ್ಯ, ಸಾರು ಎಲ್ಲ ಸಪ್ಪೆ. ಮಠದ ದಾಸೋಹದಲ್ಲಿ ಉಪ್ಪಿನಕಾಯಿ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು, ಒಪ್ಪಿಕೊಳ್ಳುತ್ತೇನೆ. ಜೊತೆಗೆ ದಿನಕ್ಕೆ ಆರು ಲೀಟರ್ ನೀರು. ಅದು ಮೊಬೈಲಿನಲ್ಲಿ ಬಂದ ಉಪದೇಶ.

ಹದಿನೈದು ದಿನಕ್ಕೆ ತಲೆನೋವು, ವಾಕರಿಕೆ ಶುರುವಾದವು. ಒಂದು ಮುಂಜಾನೆ ಇಷ್ಟಲಿಂಗ ಪೂಜೆಗೆ ಕುಳಿತಾಗ, ನಲವತ್ತು ವರ್ಷದಿಂದ ಹೇಳುತ್ತ ಬಂದ ವಚನದ ಎರಡನೆಯ ಸಾಲು ಬಾಯಿಗೆ ಬರಲಿಲ್ಲ. ಏಳಲು ಹೋದರೆ ಜೋಲಿ. ಮನೆಯವರು ಲಕ್ವ ಹೊಡೆಯಿತೆಂದು ಅಳತೊಡಗಿದರು. ತಲೆಯ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ರಕ್ತ ಪರೀಕ್ಷೆಯಲ್ಲಿ ಕಂಡಿತು: ಸೋಡಿಯಂ 135ರಿಂದ 145ರ ನಡುವೆ ಇರಬೇಕು, ನನ್ನದು 119.

ನಾನು ನೀರಾವರಿ ಎಂಜಿನಿಯರ್. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಒಳ್ಳೆಯ ಎರೆಭೂಮಿ ನೀರು ಹೆಚ್ಚಾಗಿಯೇ ಸವಳು-ಜವಳಾದದ್ದನ್ನು ಕಣ್ಣಾರೆ ಕಂಡವನು. ಒಳಬರುವ ನೀರಿಗೆ ಹೊರಹೋಗುವ ದಾರಿ ಬೇಕು ಎಂದು ರೈತರಿಗೆ ಹೇಳುತ್ತಿದ್ದವನಿಗೆ ತನ್ನ ಮೈಯ ಬಸಿಗಾಲುವೆಯ ಲೆಕ್ಕ ತಿಳಿದಿರಲಿಲ್ಲ. ಮೂತ್ರಪಿಂಡ ಬರಿಯ ನೀರನ್ನು ಹಾಗೆಯೇ ಹೊರಹಾಕಲಾರದು. ಅದರ ಜೊತೆ ಲವಣ, ಯೂರಿಯಾ ಮೊದಲಾದವು ಒಂದಿಷ್ಟಾದರೂ ಹೋಗಬೇಕು. ನಾನು ಉಪ್ಪು ಬಿಟ್ಟಿದ್ದೆ, ಇದ್ದ ಉಪ್ಪನ್ನು ಮಾತ್ರೆ ಹೊರಹಾಕುತ್ತಿತ್ತು, ನೀರು ಮಾತ್ರ ಒಳಗೆ ನಿಲ್ಲುತ್ತಿತ್ತು. ರಕ್ತದಲ್ಲಿ ಸೋಡಿಯಂ ತೆಳುವಾದಾಗ ನೀರು ಜೀವಕೋಶಗಳೊಳಗೆ ನುಗ್ಗುತ್ತದೆ. ಬೇರೆ ಅಂಗ ಊದಿದರೆ ಜಾಗವಿದೆ. ತಲೆಬುರುಡೆಯೊಳಗೆ ಮಿದುಳು ಊದಿದರೆ ಜಾಗವಿಲ್ಲ. ಮರೆವು, ತಡವರಿಕೆ, ಬೀಳುವುದು, ಕೊನೆಗೆ ಫಿಟ್ಸ್, ಎಲ್ಲ ಅದರಿಂದ.

ಹಾಗಾದರೆ ಒಂದು ಮುಷ್ಟಿ ಉಪ್ಪು ತಿನ್ನಿಸಿದರೆ ಸರಿಹೋಗದೆ ಎಂದು ಮಗ ಕೇಳಿದ. ವೈದ್ಯರು ಬೇಡವೆಂದರು. ಇಳಿದ ಸೋಡಿಯಂ ಅನ್ನು ಅವಸರದಲ್ಲಿ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದಂತೆ. ಮಾತ್ರೆ ಬದಲಿಸಿ, ನೀರು ಮಿತಗೊಳಿಸಿ, ದಿನಕ್ಕೆ ನಾಲ್ಕಾರು ಸಲ ರಕ್ತ ತೆಗೆದು ನೋಡುತ್ತ ನಿಧಾನವಾಗಿ ಏರಿಸಿದರು.

ಇದನ್ನು ಓದಿ ಯಾರೂ ನಾಳೆಯಿಂದ ಉಪ್ಪಿನಕಾಯಿ ಭರಣಿ ತೆರೆಯಬೇಡಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಸಮತಟ್ಟಾದ ಒಂದು ಟೀ ಚಮಚಕ್ಕಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಹಪ್ಪಳ, ಚಟ್ನಿಪುಡಿ, ಬೇಕರಿ ತಿಂಡಿಯ ಉಪ್ಪೂ ಅದರಲ್ಲೇ ಸೇರಬೇಕು. ನಮ್ಮಲ್ಲಿ ಹೆಚ್ಚಿನವರು ಅದನ್ನು ಮೀರುತ್ತಾರೆ, ಬಿಪಿಯೂ ಏರುತ್ತದೆ. ದಾಸೋಹದ ಅಡುಗೆಮನೆಯಲ್ಲಿ ಕೈ ಹಿಡಿತ ಬೇಕೇ ಬೇಕು. ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪಿನಲ್ಲಿ ಒಂದು ಪಾಲು ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯ. ಎಳನೀರೂ ಅಂಥವರಿಗೆ ಲೆಕ್ಕವಿಲ್ಲದೆ ಕುಡಿಯುವಂಥದ್ದಲ್ಲ.

ಉಪ್ಪು ನೀರಿನ ಈ ಲೆಕ್ಕ ಎಷ್ಟು ಜೀವ ಉಳಿಸಬಲ್ಲದೆಂದು ತೋರಿಸಿದವರು ಡಾ. ದಿಲೀಪ್ ಮಹಲನಬಿಸ್. 1971ರಲ್ಲಿ ಬಾಂಗ್ಲಾದಿಂದ ಬಂದ ನಿರಾಶ್ರಿತರಲ್ಲಿ ಕಾಲರಾ ಹರಡಿತ್ತು. ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆ ಮಲಗಿದ್ದರು, ಎಲ್ಲರಿಗೂ ಏರಿಸುವಷ್ಟು ಸಲೈನ್ ಇರಲಿಲ್ಲ. ಅವರು ಲವಣ ಮತ್ತು ಗ್ಲೂಕೋಸನ್ನು ತೂಕ ಮಾಡಿ, ನೀರಿಗೆ ಬೆರೆಸಿ, ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕರುಳಿನಲ್ಲಿ ಗ್ಲೂಕೋಸ್ ಸೋಡಿಯಂನ ಕೈ ಹಿಡಿದುಕೊಂಡೇ ಒಳಗೆ ಹೋಗುತ್ತದೆ, ಅವೆರಡರ ಹಿಂದೆ ನೀರು. ಇಂದಿನ ಓಆರ್‌ಎಸ್ ಪೊಟ್ಟಣದಲ್ಲಿರುವುದು ಅದೇ ತತ್ವ: ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್.

ಆ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದು ಮಕ್ಕಳಿಗೆ ಕೊಡುವುದನ್ನು ನಾನು ಎಷ್ಟೋ ಜಾತ್ರೆಗಳಲ್ಲಿ ನೋಡಿದ್ದೇನೆ. ಅದು ಔಷಧಿಯಲ್ಲ, ಅತಿ ಉಪ್ಪಿನ ನೀರು. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ಬೇಕು. ಬೆರೆಸಿದ್ದು ಮರುದಿನಕ್ಕೆ ಬೇಡ.

ನಮ್ಮೂರ ಮೆರವಣಿಗೆಯ ನೀರಿನ ಗಾಡಿಯ ಸೇವೆಯನ್ನು ಈ ಸಲ ನಾನೇ ಕೇಳಿ ಪಡೆದಿದ್ದೇನೆ. ಎಲ್ಲರಿಗೂ ನೀರು ಮತ್ತು ಹದವಾಗಿ ಉಪ್ಪು ಹಾಕಿದ ಮಜ್ಜಿಗೆ. ಹೃದಯ, ಮೂತ್ರಪಿಂಡದ ಕಾಯಿಲೆಯವರಿಗೆ ಉಪ್ಪಿಲ್ಲದ ಮಜ್ಜಿಗೆಯ ಕೊಡ ಬೇರೆ. ವಾಂತಿಭೇದಿಯಾದವರಿಗೆ ಓಆರ್‌ಎಸ್, ಅದನ್ನು ಬೆರೆಸಲು ಗೆರೆ ಹಾಕಿದ ಒಂದು ಲೀಟರಿನ ಪಾತ್ರೆ. ಯಾರಾದರೂ ಮಾತು ತಪ್ಪಿ ತೊದಲಿದರೆ, ಮಂಕಾದರೆ, ಬಾಯಿಗೆ ಏನನ್ನೂ ಹಾಕದೆ ನೆರಳಿಗೆ ತಂದು ಮೈಗೆ ನೀರು ಹಾಕಿ ತಂಪು ಮಾಡುತ್ತಲೇ ಆಸ್ಪತ್ರೆಗೆ ಒಯ್ಯಲು ಒಂದು ಜೀಪು ಹಿಂದೆಯೇ ಬರುತ್ತದೆ. ನಿಮ್ಮ ಊರಿನಲ್ಲೂ ಒಂದು ಜೀಪು ಗೊತ್ತುಮಾಡಿಕೊಳ್ಳಿ.